ನಿಂಗಮ್ಮನ ಬಲಗೈ ಮತ್ತು ನಮ್ಮ ಸೂಜಿಗಳು

ಹುಣಸೂರಿನಲ್ಲಿ ನನ್ನನ್ನು ಕರೆಂಟು ಡಾಕ್ಟರು ಎನ್ನುತ್ತಿದ್ದರು. ನಾನು ಡಾಕ್ಟರಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಬೊಂಬಾಯಿಗೆ ಹೋಗಿ ಫಿಜಿಯೋಥೆರಪಿ ಕಲಿತು ಬಂದವನು. ಮೊದಲ ಒಂದೆರಡು ವರ್ಷ ಹಾಗೆ ಕರೆದವರನ್ನೆಲ್ಲ ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟೆನೋ, ಆ ಹೆಸರು ಕಿವಿಗೆ ಹಿತವಾಗತೊಡಗಿದ್ದಕ್ಕೆ ಬಿಟ್ಟೆನೋ, ಈಗ ಖಚಿತವಾಗಿ ಹೇಳಲಾರೆ.

ಈ ವೃತ್ತಿಗೆ ಹೊಸದಾಗಿ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಕೆಲಸ ಕಾಯಂ ಆಯಿತು, ಯಾವಾಗ ಬಡ್ತಿ ಸಿಕ್ಕಿತು ಎಂಬುದರಲ್ಲಿ ಅವರಿಗೆ ಕಲಿಯುವಂಥದ್ದೇನೂ ಇಲ್ಲ. ನಾನು ಎಡವಿದ ಕಡೆಗಳಲ್ಲಿ ಬಹುಶಃ ಇದೆ. ಕೆಲಸಕ್ಕೆ ಸೇರಿದಂದಿನಿಂದ ದಿನಕ್ಕೆ ಅರ್ಧ ಪುಟ ಡೈರಿ ಬರೆಯುವ ಅಭ್ಯಾಸ ನನಗಿತ್ತು. ಇದನ್ನು ಬರೆಯಲು ಕೂತ ಮೇಲೆ ಆ ಡೈರಿಗಳನ್ನು ತೆರೆದೆ. ನನ್ನ ನೆನಪು ಎಲ್ಲ ಕಡೆಯೂ ಅವುಗಳೊಂದಿಗೆ ಹೊಂದುವುದಿಲ್ಲ ಎಂದು ತಿಳಿಯಿತು. ಡೈರಿಯನ್ನೂ ನಾನೇ ಬರೆದದ್ದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ. ಎರಡೂ ಬೇರೆಯಾದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ನಾನು ಅರವತ್ತರ ದಶಕದ ಕೊನೆಯಲ್ಲಿ ಸೇರಿದ್ದು ಧರ್ಮಸಂಸ್ಥೆಯೊಂದು ನಡೆಸುತ್ತಿದ್ದ ಚಿಕ್ಕ ಆಸ್ಪತ್ರೆಗೆ. ಅಲ್ಲಿ ನನಗೆ ಕೊಟ್ಟದ್ದು ಹಿಂದೆ ಸೌದೆ ಒಟ್ಟುತ್ತಿದ್ದ ಒಂದು ಕೋಣೆ. ನಡೆಯುವುದನ್ನು ಕಲಿಸಲು ಬಡಗಿ ಮಾಡಿಕೊಟ್ಟ ಎರಡು ಮರದ ಕಂಬಿ, ತೊಲೆಗೆ ನೇತುಹಾಕಿದ ಒಂದು ರಾಟೆ, ಸ್ನಾಯುಗಳಿಗೆ ಕರೆಂಟು ಕೊಡುವ ಒಂದು ಹಳೆಯ ಪೆಟ್ಟಿಗೆ, ಮತ್ತು ಮಧ್ಯದಲ್ಲಿ ಬಾಗಿಲಷ್ಟು ಅಗಲದ ಒಂದು ದೊಡ್ಡ ಮೇಜು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯಿಂದೆಲ್ಲ ರೋಗಿಗಳು ಬಸ್ಸಿಗೆ ಬರುತ್ತಿದ್ದರು. ಬೈಲಕುಪ್ಪೆಯಿಂದ ಟಿಬೆಟಿನವರೂ ಬರುತ್ತಿದ್ದರು.

ಲಕ್ವ ಹೊಡೆದವರು ನಮ್ಮಲ್ಲಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ತಿಂಗಳು, ಒಂದೂವರೆ ತಿಂಗಳು ಕಳೆದಿರುತ್ತಿತ್ತು. ಅಷ್ಟು ದಿನ ಅವರನ್ನು ಗಾಳಿ ತಾಗದಂತೆ ಕತ್ತಲೆಯ ಕೋಣೆಯಲ್ಲಿ ಕಂಬಳಿ ಹೊದೆಸಿ ಮಲಗಿಸಿರುತ್ತಿದ್ದರು. ಪಾರಿವಾಳದ ರಕ್ತ ತಿಕ್ಕಿರುತ್ತಿದ್ದರು. ಅದನ್ನು ಕಂಡು ನಾನು ಸಿಟ್ಟಾಗುತ್ತಿದ್ದೆ. ಆದರೆ ನಾನು ಮಾಡುತ್ತಿದ್ದುದೇನು? ಬಿದ್ದ ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಹಿಸುಕಿ ಎನ್ನುತ್ತಿದ್ದೆ. ನಮಗೆ ಕಲಿಸಿದ್ದೇ ಹಾಗೆ. ಲಕ್ವದ ಕೈಗೆ ಕಷ್ಟವಾಗುವುದು ಹಿಡಿಯುವುದಲ್ಲ, ಹಿಡಿದದ್ದನ್ನು ಬಿಡುವುದು ಎಂಬುದು ತಿಳಿದದ್ದು ಎಷ್ಟೋ ಕೈಗಳು ನನ್ನ ಚೆಂಡಿನ ಮೇಲೆ ಮುಷ್ಟಿ ಕಟ್ಟಿ ಗಟ್ಟಿಯಾದ ಮೇಲೆ.

ಇನ್ನೊಂದು ಪಾಠ ಅಷ್ಟರಲ್ಲೇ ಸಿಕ್ಕಿತ್ತು. ಅದನ್ನು ಪಾಠವೆಂದು ನಾನು ಗುರುತಿಸಲಿಲ್ಲ. ಕಾಕನಕೋಟೆ ಕಡೆಯ ಕಾಡಿನ ಜನರ ಹಾಡಿಯೊಂದರಿಂದ ಬೊಮ್ಮ ಎಂಬವನನ್ನು ಕರೆತಂದಿದ್ದರು. ಜೇನು ಇಳಿಸುವಾಗ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಜೀವ ಉಳಿದಿತ್ತು, ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಎರಡು ವಾರ ಅವನು ನನ್ನ ಮರದ ಕಂಬಿಗಳ ನಡುವೆ ನಡುಗುತ್ತ ನಿಂತ. ಐದು ಹೆಜ್ಜೆ, ಆರು ಹೆಜ್ಜೆ, ಅಷ್ಟೇ. ಒಂದು ಮಧ್ಯಾಹ್ನ ಕೋಣೆಯಲ್ಲಿ ಅವನಿಲ್ಲ. ಹುಡುಕಿಕೊಂಡು ಹೋದರೆ ಆಸ್ಪತ್ರೆಯ ಹಿತ್ತಲಲ್ಲಿ, ಕಲ್ಲು ಬೇರು ತುಂಬಿದ ಇಳಿಜಾರಿನಲ್ಲಿ, ಒಂದು ಕೋಲು ಹಿಡಿದು ನಡೆದುಕೊಂಡು ಹೋಗುತ್ತಿದ್ದಾನೆ.

"ಇದೇನೋ ಬೊಮ್ಮ, ಒಳಗೆ ನಿಲ್ಲೋಕೇ ಆಗ್ತಿರಲಿಲ್ಲ?" ಎಂದೆ.

"ಆ ನೆಲ ಕಾಲ ಇಡ್ಕಳಾಕಿಲ್ಲ ಸಾ, ಜಾರ್ತದೆ" ಎಂದ. "ಇಲ್ಲಾದ್ರೆ ಬೇರು ಇಡ್ಕತದೆ."

ನಾನು ಅವನ ತೋಳು ಹಿಡಿದು ಮತ್ತೆ ಒಳಗೆ, ಕಂಬಿಗಳ ನಡುವೆ ತಂದು ನಿಲ್ಲಿಸಿದೆ. ಹೆಜ್ಜೆ ಎಣಿಸುವ ಪಟ್ಟಿ ಇದ್ದದ್ದು ಅಲ್ಲಿ. ಒಂದು ವಾರದಲ್ಲಿ ಅವನು ಹೇಳದೆ ಊರಿಗೆ ಹೋದ. ಡೈರಿಯಲ್ಲಿ ಹೀಗಿದೆ: "ಬೊಮ್ಮ, ಕಂಬಿಗಳ ನಡುವೆ ಎಂಟು ಹೆಜ್ಜೆ. ಹಿತ್ತಲಲ್ಲಿ ನಡೆದ, ಅಳೆದಿಲ್ಲ."

ಅಳೆಯುವ ಹುಚ್ಚು ನನಗೆ ಹಿಡಿದದ್ದು ನಮ್ಮ ದೊಡ್ಡ ಡಾಕ್ಟರು ಸದಾಶಿವಯ್ಯನವರಿಂದ. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ; ಅವರಷ್ಟು ಪ್ರಾಮಾಣಿಕರಾದ ಮೇಲಧಿಕಾರಿ ನನಗೆ ಮತ್ತೆ ಸಿಗಲಿಲ್ಲ. "ಅಳೆದು ಬರೆಯದೆ ಇದ್ದರೆ ಅದು ಆಗಲೇ ಇಲ್ಲ ಅಂತ ತಿಳಿದುಕೊಳ್ಳಿ" ಎನ್ನುತ್ತಿದ್ದರು. ಎಪ್ಪತ್ತರ ದಶಕದ ಮಧ್ಯದಲ್ಲಿ ಅವರು ಮೂರು ತಿಂಗಳು ರಜೆ ಹಾಕಿ ಕೊಲಂಬೋಗೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದರು. ಬರುವಾಗ ಒಂದು ಡಬ್ಬಿ ಉಕ್ಕಿನ ಸೂಜಿ, ಮತ್ತು ಟ್ರಾನ್ಸಿಸ್ಟರ್ ರೇಡಿಯೋದಷ್ಟು ದೊಡ್ಡದಾದ ಒಂದು ಯಂತ್ರ ತಂದರು. ಚುಚ್ಚಿದ ಸೂಜಿಗಳಿಗೆ ಚಿಕ್ಕ ಕ್ಲಿಪ್ಪುಗಳಿಂದ ತಂತಿ ಸಿಕ್ಕಿಸಿ, ಈ ಯಂತ್ರದಿಂದ ಸಣ್ಣ ಕರೆಂಟು ಬಿಡುವುದು. ಟಾರ್ಚಿನ ಸೆಲ್ಲುಗಳಿಂದ ನಡೆಯುತ್ತಿದ್ದುದರಿಂದ ಊರಿನ ಕರೆಂಟು ಹೋದರೂ ಕೆಲಸ ನಿಲ್ಲುತ್ತಿರಲಿಲ್ಲ.

ತಂತಿಗಳು ಮಾತ್ರ ತಿಂಗಳಿಗೊಮ್ಮೆ ಕಿತ್ತು ಬರುತ್ತಿದ್ದವು. ಪೇಟೆ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುವವನ ಹತ್ತಿರ ಬೆಸುಗೆ ಹಾಕಿಸುತ್ತಿದ್ದೆ. ಮೊದಲ ಸಲ ಅವನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲಿ ಯಾವ್ ಸ್ಟೇಷನ್ ಬತ್ತದೆ ಸ್ವಾಮಿ?" ಎಂದು ಕೇಳಿದ. ಬೈಲಕುಪ್ಪೆಯ ಒಬ್ಬ ವೃದ್ಧರು ತಮ್ಮ ಕಡೆಯೂ ಸೂಜಿ ಉಂಟು, ಅದನ್ನು ಕಾಯಿಸುತ್ತಾರೆ, ಸೆಲ್ಲು ಹಾಕುವುದಿಲ್ಲ ಎಂದು ನಕ್ಕಿದ್ದರು.

ಡಾಕ್ಟರು ಸೂಜಿ ಚುಚ್ಚುವುದು, ನಾನು ಗುಂಡಿ ತಿರುಗಿಸಿ ಕರೆಂಟು ಕೊಡುವುದು, ಆಮೇಲೆ ವ್ಯಾಯಾಮ ಮಾಡಿಸಿ ಅಳತೆ ಬರೆಯುವುದು: ಹೀಗೆ ಕೆಲಸ ಹಂಚಿಕೊಂಡೆವು. ಸೂಜಿಯಿಂದ ಗುಣವಾಗುತ್ತದೆಯೇ ಎಂದು ನಾನು ಒಮ್ಮೆ ಕೇಳಿದಾಗ, "ಗೊತ್ತಿಲ್ಲ ಕಣ್ರೀ. ಅದಕ್ಕೇ ಅಳೆಯಿರಿ ಅನ್ನೋದು" ಎಂದರು. ಮೈಸೂರಿನಲ್ಲಿ ವೈದ್ಯರ ಸಭೆಯೊಂದರಲ್ಲಿ ನಮ್ಮ ರೋಗಿಗಳ ಬಗ್ಗೆ ಮಾತನಾಡಲು ಅವರು ಒಪ್ಪಿಕೊಂಡಿದ್ದರು.

ಆ ಕಾಲದಲ್ಲಿ ಬಂದವಳು ಕಟ್ಟೆಮಳಲವಾಡಿಯ ನಿಂಗಮ್ಮ. ನಲವತ್ತೈದರ ಆಸುಪಾಸಿನ ಒಕ್ಕಲಿಗರ ಹೆಂಗಸು. ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಮಾತು ಮೊದಲು ತೊದಲಿ ಆಮೇಲೆ ಸರಿಯಾಗಿತ್ತು. ಕಾಲೆಳೆದುಕೊಂಡಾದರೂ ನಡೆಯುತ್ತಿದ್ದಳು. ಭುಜ, ಮೊಣಕೈ ಆಡುತ್ತಿದ್ದವು. ಬಲಗೈಯ ಬೆರಳುಗಳು ಮಾತ್ರ ಒಳಕ್ಕೆ ಮಡಿಚಿಕೊಂಡು ಮುಷ್ಟಿಯಾಗಿದ್ದವು. ಅವಳನ್ನು ಬುಧವಾರ, ಶನಿವಾರ ಬಸ್ಸಿಗೆ ಕರೆತರುತ್ತಿದ್ದವಳು ಓರಗಿತ್ತಿ ಜಯಮ್ಮ. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು, ಕಂಕುಳಲ್ಲಿ ಒಂದು ಕೂಸು, ಬಾಯಿ ತುಂಬ ಮಾತು.

"ನಮ್ಮಕ್ಕ ಮೊದ್ಲೇ ಯಾರ್ಗೂ ಏನೂ ಬುಟ್ಕೊಡೋಳಲ್ಲ ಸ್ವಾಮಿ" ಎಂದಳು ಜಯಮ್ಮ, ಮೊದಲ ದಿನವೇ. "ಈಗ ಕೈನೂ ಅದೇ ಕಲ್ತ್ಕಂಡದೆ."

"ನೀನ್ ಸುಮ್ಕಿರು ಕಣೆ" ಎಂದಳು ನಿಂಗಮ್ಮ. ಆಮೇಲೆ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು: "ಎಲೆ ಬರೋ ಒತ್ಗೆ ಈ ಕೈ ಬಾಯ್ ಬುಡ್ತದಾ?"

ಎಲೆ ಎಂದರೆ ಹೊಗೆಸೊಪ್ಪು. ಹುಣಸೂರಿನ ಸುತ್ತಿನವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮಳೆಗಾಲದ ನಡುವೆ ಎಲೆ ಬಲಿಯುತ್ತದೆ. ಬೆಳಿಗ್ಗೆ ಹೊಲದಲ್ಲಿ ಕಿತ್ತ ಎಲೆಯನ್ನು ಚಪ್ಪರದಡಿ ತಂದು, ಆಳುದ್ದದ ಕಡ್ಡಿಗಳಿಗೆ ದಾರದಿಂದ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕಟ್ಟಡದೊಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗಿನಿಂದ ಬೆಂಕಿ ಕೊಟ್ಟು ಹದ ಮಾಡುತ್ತಾರೆ. ಕಡ್ಡಿಗೆ ಕಟ್ಟುವುದು ಜೋಡಿಯ ಕೆಲಸ. ಒಬ್ಬಳು ಮೂರು ಮೂರು ಎಲೆ ಎತ್ತಿ ತೊಟ್ಟು ಜೋಡಿಸಿ ಕೊಡಬೇಕು. ಇನ್ನೊಬ್ಬಳು ದಾರ ಸುತ್ತಿ ಬಿಗಿಯಬೇಕು. ಕೊಡುವವಳ ಎಡಗೈ ರಾಶಿಯಿಂದ ಎಲೆ ಬಿಡಿಸುತ್ತಿರುತ್ತದೆ, ಬಲಗೈ ಕಡ್ಡಿಯ ಹತ್ತಿರ ಹಿಡಿದು ಕೊಡುತ್ತಿರುತ್ತದೆ. ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು: ಎಲೆಯ ಮೊದಲ ದಿನ ಯಾರು ಯಾರ ಎದುರು ಕಡ್ಡಿಗೆ ಕೂತರೋ, ಕೊನೆಯ ಎಲೆಯವರೆಗೆ ಅದೇ ಜೋಡಿ. ಮಧ್ಯೆ ಬದಲಾಯಿಸಿದರೆ ಕೈ ಹೊಂದುವುದಿಲ್ಲ ಎನ್ನುತ್ತಿದ್ದರು. ಜಯಮ್ಮ ಆ ಮನೆಗೆ ಬಂದ ವರ್ಷದಿಂದ ನಿಂಗಮ್ಮ ಕೊಡುವವಳು, ಜಯಮ್ಮ ಕಟ್ಟುವವಳು. ಈ ಸಲ ಮೊದಲ ದಿನ ನಿಂಗಮ್ಮ ಕೂರದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

"ಕೂರ್ದಿದ್ರೆ ಕೂರ್ಬೇಡ, ಒಲೆ ಮುಂದೆ ಕೂತ್ಕ ಅಂತಾರೆ" ಎಂದಳು ನಿಂಗಮ್ಮ. "ಒಲೆ ಮುಂದೆನೂ ಈ ಕೈಲಿ ಏನ್ ಮಾಡ್ಲಿ? ಕೂತು ಉಣ್ಣೋಳಾಯ್ತೀನಿ."

ಇನ್ನೂ ನಾಲ್ಕು ತಿಂಗಳ ಮೇಲಿದೆ, ನೋಡೋಣ ಎಂದೆ.

ಡಾಕ್ಟರು ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸದಲ್ಲಿ ಒಂದು, ಮುಂಗೈಯ ಹಿಂಭಾಗದಲ್ಲಿ ಎರಡು, ಮೊಣಕೈ ಬಳಿ ಒಂದು ಸೂಜಿ ಇಟ್ಟರು. ಮೊದಲ ದಿನ ನಾನು ಗುಂಡಿಯನ್ನು ಅವಸರದಲ್ಲಿ ಹೆಚ್ಚು ತಿರುಗಿಸಿಬಿಟ್ಟೆ. ಅವಳ ತೋಳು ಮೇಜಿನಿಂದ ಹಾರಿತು. ಕ್ಷಮಿಸಮ್ಮ ಎಂದೆ. ಅವಳು ಸ್ವಲ್ಪ ಸುಧಾರಿಸಿಕೊಂಡು, "ಎಮ್ಮೆ ಒದ್ದಂಗಾಯ್ತು. ಓಗ್ಲಿ, ಕೈಗೆ ಜೀವ ಅದೆ ಅಂತಾಯ್ತಲ್ಲ" ಎಂದಳು.

ಅಳತೆ ಹೀಗೆ: ಮುಂಗೈಯನ್ನು ಮೇಜಿನ ಮೇಲಿಟ್ಟು ಕೈ ಬಿಚ್ಚಲು ಹೇಳುವುದು, ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಮರದ ಸ್ಕೇಲು ಹಿಡಿಯುವುದು. ಮೊದಲ ಐದು ವಾರ ಸೊನ್ನೆ. ಆರನೇ ವಾರ ಒಂದು ಬುಧವಾರ ಒಂದೂವರೆ ಅಂಗುಲ ಬಿಚ್ಚಿತು. ನನಗೆ ನಂಬಿಕೆ ಬರದೆ ಮೂರು ಸಲ ಅಳೆದೆ. ಡಾಕ್ಟರನ್ನು ಕರೆದೆ. ಅವರು ತಾವೇ ಸ್ಕೇಲು ಹಿಡಿದರು. ಮುಂದಿನ ವಾರ ಎರಡು ಅಂಗುಲ. ಎರಡೂಕಾಲು. ಎರಡೂವರೆ. ಡಾಕ್ಟರು ಹೆಚ್ಚು ಮಾತಾಡುವವರಲ್ಲ, ಆದರೆ ಆ ದಿನಗಳಲ್ಲಿ ಅವರು ವರಾಂಡದಲ್ಲಿ ನಡೆಯುವ ರೀತಿಯೇ ಬೇರೆಯಾಗಿತ್ತು. ಸಭೆಯಲ್ಲಿ ಮೊದಲು ನಿಂಗಮ್ಮನ ವಿಷಯವನ್ನೇ ಹೇಳುವುದೆಂದು ನಿಶ್ಚಯಿಸಿದರು. ಅದಕ್ಕೆ ಅಳತೆಯ ಪಟ್ಟಿ ಬರೆದುಕೊಟ್ಟವನು ನಾನು.

ಎಲೆಗೆ ಆರು ವಾರ ಇರುವಾಗ ದೊಡ್ಡ ಮೇಜು ವಾಪಸು ಬಂತು. ಅದು ಹೋಗಿತ್ತು ಎಂಬುದನ್ನು ನಾನು ಇಲ್ಲಿಯವರೆಗೆ ಹೇಳಿಲ್ಲ, ಏಕೆಂದರೆ ಆಗ ನನಗೂ ಅದು ಮುಖ್ಯವೆನಿಸಿರಲಿಲ್ಲ. ಸಿಡುಬಿನ ಲಸಿಕೆಯ ಕ್ಯಾಂಪಿಗೆಂದು ಅದನ್ನು ಒಯ್ದಿದ್ದರು. ಬದಲಿಗೆ ಔಷಧದ ಕೋಣೆಯಿಂದ ಕಿರಿದಾದ ಒಂದು ಮೇಜು ತಂದಿಟ್ಟಿದ್ದರು. ದೊಡ್ಡ ಮೇಜು ಬಂದ ದಿನ ನಿಂಗಮ್ಮನ ಕೈಯನ್ನು ಅದರ ಮೇಲಿಟ್ಟು ಬಿಚ್ಚಲು ಹೇಳಿದೆ. ಬಿಚ್ಚಲಿಲ್ಲ. ಮತ್ತೆ ಹೇಳಿದೆ. ಸೊನ್ನೆ. ಇನ್ನೊಮ್ಮೆ ಲಕ್ವ ಹೊಡೆದಿದೆಯೇನೋ ಎಂದು ನನಗೆ ಗಾಬರಿಯಾಯಿತು.

ನಿಂಗಮ್ಮನಿಗೆ ಗಾಬರಿಯೇನೂ ಇರಲಿಲ್ಲ. "ಈ ಮೇಜು ಸರಿಯಾಗಕಿಲ್ಲ ಸ್ವಾಮಿ. ಆ ಚಿಕ್ಕದ್ನ ತರ್ಸಿ" ಎಂದಳು.

"ಮೇಜಿಗೂ ಕೈಗೂ ಏನು ಸಂಬಂಧ?"

"ಅಯ್ಯೋ, ನಿಮ್ಗೆ ಗೊತ್ತಿಲ್ವಾ?" ಎಂದು ಜಯಮ್ಮ ನಕ್ಕಳು. "ತೋರ್ಸಕ್ಕ."

ನಿಂಗಮ್ಮ ಮುಂಗೈಯನ್ನು ಮೇಜಿನ ಅಂಚಿಗೆ ಎಳೆದುಕೊಂಡಳು. ಮಣಿಕಟ್ಟು ಅಂಚಿನಿಂದಾಚೆ ಜೋತುಬಿತ್ತು. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಆಮೇಲೆ ಮಣಿಕಟ್ಟನ್ನು ನಿಧಾನವಾಗಿ ಮೇಲೆತ್ತಿದಳು. ಬೆರಳುಗಳು ಮುಚ್ಚಿಕೊಂಡವು. "ಕೆಳಕ್ ಬುಟ್ರೆ ಬಾಯ್ ಬುಡ್ತದೆ, ಮ್ಯಾಕ್ ಎತ್ತುದ್ರೆ ಕಚ್ಕತದೆ. ನಾಯಿ ಇದ್ದಂಗೆ."

ಫಿಜಿಯೋಥೆರಪಿ ಓದಿದ ಯಾರಿಗಾದರೂ ಇದು ಗೊತ್ತಿರುವ ವಿಷಯ. ಮಣಿಕಟ್ಟು ಬಾಗಿದಾಗ ಬೆರಳು ಮಡಿಸುವ ಸ್ನಾಯುರಜ್ಜುಗಳು ಸಡಿಲವಾಗುತ್ತವೆ, ಬೆರಳಿಗೆ ಶಕ್ತಿ ಇಲ್ಲದಿದ್ದರೂ ಕೈ ತೆರೆಯುತ್ತದೆ. ಅಳೆಯುವಾಗ ಮಣಿಕಟ್ಟನ್ನು ನೆಟ್ಟಗೆ ಹಿಡಿದುಕೊಳ್ಳಬೇಕು ಎಂಬುದು ಮೊದಲ ವರ್ಷದ ಪಾಠ. ದೊಡ್ಡ ಮೇಜಿನ ಮೇಲೆ ಕೈ ಪೂರ್ತಿ ಒರಗುತ್ತಿದ್ದುದರಿಂದ ಹಿಡಿಯುವ ಅಗತ್ಯ ಬಿದ್ದಿರಲಿಲ್ಲ, ಹಾಗಾಗಿ ಚಿಕ್ಕ ಮೇಜು ಬಂದಾಗಲೂ ನಾನು ಹಿಡಿಯಲಿಲ್ಲ. ಡೈರಿ ನೋಡಿದೆ. ದೊಡ್ಡ ಮೇಜು ಒಯ್ದ ದಿನದ ಪುಟದಲ್ಲೇ, ಎರಡು ಸಾಲು ಕೆಳಗೆ, ಒಂದೂವರೆ ಅಂಗುಲ ಎಂದು ಬರೆದಿದ್ದೇನೆ. ಅಡಿಯಲ್ಲಿ ಗೆರೆ ಎಳೆದಿದ್ದೇನೆ.

ಡಾಕ್ಟರಿಗೆ ಹೇಳಲು ಎರಡು ದಿನ ತೆಗೆದುಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ನಾನೂ ಸ್ಕೇಲು ಹಿಡಿದಿದ್ದೆನಲ್ಲ. ನಾನೂ ನೋಡಲಿಲ್ಲ" ಎಂದರು. ಆಮೇಲೆ, "ಮಣಿಕಟ್ಟಿಗೆ ಪಟ್ಟಿ ಹಾಕಿಬಿಡಿ. ಎಂಟು ವಾರ ಸೂಜಿ ಮುಂದುವರಿಸೋಣ. ಬೆರಳು ತನ್ನ ಶಕ್ತಿಯಿಂದಲೇ ಬಿಚ್ಚಿದರೆ ಬಿಚ್ಚಲಿ. ನಿಜ ಏನು ಅಂತ ಗೊತ್ತಾಗುತ್ತೆ" ಎಂದರು.

ನನಗೂ ಅದೇ ಸರಿಯೆನಿಸಿತು. ನಿಜ ತಿಳಿಯುವ ಆತುರದಲ್ಲಿ, ಅದು ಯಾರಿಗೆ ಬೇಕಾಗಿದ್ದ ನಿಜ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಮೊಣಕೈಯಿಂದ ಅಂಗೈವರೆಗೆ ಪ್ಲಾಸ್ಟರಿನ ಅರ್ಧ ಕೊಳವೆ ಮಾಡಿ, ನಿಂಗಮ್ಮನ ಮಣಿಕಟ್ಟು ಬಾಗದಂತೆ ಬಟ್ಟೆಯ ಪಟ್ಟಿಯಿಂದ ಕಟ್ಟಿದೆ. ಹಗಲೂ ಇರುಳೂ ಬಿಚ್ಚಬಾರದು ಎಂದೆ. ಕೈಯನ್ನು ಹಾಗೆ ಜೋತುಬಿಟ್ಟು ಬಳಸುವುದು ಕೆಟ್ಟ ಅಭ್ಯಾಸ, ಅದು ನಿಜವಾದ ಗುಣವಲ್ಲ ಎಂದು ವಿವರಿಸಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. "ಎಲೆ ಕೀಳೋಕ್ ಮುಂಚೆ ಬಿಚ್ತೀರಾ?"

"ಎಂಟು ವಾರ ಬೇಕು."

"ಎಲೆಗೆ ಇನ್ನು ಐದೇ ವಾರ ಇರೋದು" ಎಂದಳು ಜಯಮ್ಮ. ಅವಳ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಅಕ್ಕ ಮನೇಲಿ ಮುತ್ತುಗದ್ ಎಲೆ ಇಟ್ಕಂಡು ಕಲೀತಾವ್ಳೆ ಸ್ವಾಮಿ. ಮೊಣಕಾಲ್ ಮ್ಯಾಲೆ ಕೈ ಜೋತ್ ಬುಟ್ಟು ಎಲೆ ಇಡೀತಾಳೆ, ಎತ್ತಿ ಕೊಡ್ತಾಳೆ. ಮೂರ್ ಎಲೆ ಸರಿಯಾಗ್ ಬತ್ತದೆ."

ಅದನ್ನು ನಾನು ಆಗಲೇ ನೋಡಲು ಕೇಳಬೇಕಿತ್ತು. ಕೇಳಲಿಲ್ಲ. ನಿಂಗಮ್ಮ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, "ಆಯ್ತು ಬುಡಿ" ಎಂದು ಎದ್ದಳು.

ಐದು ವಾರ ತಪ್ಪದೆ ಬಂದಳು. ಸೂಜಿ ಹಾಕಿಸಿಕೊಂಡಳು. ಮಣಿಕಟ್ಟು ನೆಟ್ಟಗೆ ಹಿಡಿದು ಅಳೆದರೆ ಸೊನ್ನೆ. ಆರನೇ ವಾರ ಪಟ್ಟಿ ಬಿಚ್ಚಿದಾಗ ಅವಳ ಬಲ ಅಂಗೈ, ಬೆರಳ ಸಂದು, ಉಗುರಿನ ಬುಡವೆಲ್ಲ ಕಪ್ಪಗಿತ್ತು. ಹೊಗೆಸೊಪ್ಪಿನ ಅಂಟು ಒಮ್ಮೆ ಹತ್ತಿದರೆ ಸೋಪಿಗೆ ಹೋಗುವುದಿಲ್ಲ. ಹೊರಗಿನ ಪಟ್ಟಿ ಮಾತ್ರ ಬೆಳ್ಳಗೆ, ಅಚ್ಚುಕಟ್ಟಾಗಿ ಕಟ್ಟಿತ್ತು. ಆಸ್ಪತ್ರೆಗೆ ಬರುವ ದಿನ ಕಟ್ಟಿಕೊಂಡು ಬಂದಿದ್ದಾಳೆ ಎಂಬುದು ಸ್ಪಷ್ಟವಾಗಿತ್ತು.

"ಏನಮ್ಮ ಇದು?"

ಅವಳು ಕೈಯನ್ನೂ ನನ್ನನ್ನೂ ನೋಡಿ, "ಎಲೆ ಬಂತು" ಎಂದಳು. ಅಷ್ಟೇ.

ಇಲ್ಲಿ ನನ್ನ ನೆನಪೂ ಡೈರಿಯೂ ಬೇರೆಯಾಗುತ್ತವೆ. ಮುಂದೆ ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ. ಆ ಕಪ್ಪು ಅಂಗೈ ನೋಡಿದ ಕೂಡಲೇ ನನ್ನ ತಪ್ಪು ನನಗೆ ಅರಿವಾಯಿತು, ಆ ಪಟ್ಟಿಯನ್ನು ಪಕ್ಕಕ್ಕೆ ಇಟ್ಟುಬಿಟ್ಟೆ, ಹೋಗಿ ಕೆಲಸ ಮಾಡಮ್ಮ ಎಂದೆ. ಹೀಗೇ ಹೇಳುತ್ತಿದ್ದೆ. ಪಟ್ಟಿ ಪಕ್ಕಕ್ಕಿಟ್ಟ ನನ್ನ ಕೈ ಸಹ ನನಗೆ ಕಣ್ಣಿಗೆ ಕಟ್ಟಿದಂತಿದೆ. ಡೈರಿಯಲ್ಲಿರುವುದು ಇದು: "ನಿಂಗಮ್ಮ ಪಟ್ಟಿ ಬಿಚ್ಚಿ ಎಲೆ ಕೆಲಸ ಮಾಡಿದ್ದಾಳೆ. ಆರು ವಾರದ ಶ್ರಮ ಹಾಳು. ಬುದ್ಧಿ ಹೇಳಿ, ಬಿಚ್ಚಲಾಗದಂತೆ ಮತ್ತೆ ಬಿಗಿಯಾಗಿ ಕಟ್ಟಿ ಕಳಿಸಿದೆ." ಸಂಶಯಕ್ಕೆ ಎಡೆಯಿಲ್ಲದ ನನ್ನದೇ ಅಕ್ಷರ. ಯಾವ ವರ್ಷದಲ್ಲಿ, ಎಷ್ಟನೇ ಸಲ ಹೇಳುವಾಗ ನಾನು ಆ ಪಟ್ಟಿಯನ್ನು ಬಿಚ್ಚಿಬಿಟ್ಟೆನೋ ತಿಳಿಯದು. ನನ್ನಿಂದ ಆ ಕಥೆ ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ತಿದ್ದಿಕೊಳ್ಳಬೇಕು.

ಮುಂದಿನ ಶನಿವಾರ ಅವಳು ಬರಲಿಲ್ಲ. ಬುಧವಾರವೂ ಇಲ್ಲ. ಇನ್ನೂ ಒಂದು ವಾರ ಕಾದು, ಒಂದು ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಕಟ್ಟೆಮಳಲವಾಡಿಗೆ ಹೊರಟೆ. ಅವಳನ್ನು ಒಪ್ಪಿಸಿ ಮತ್ತೆ ಚಿಕಿತ್ಸೆಗೆ ಬರುವಂತೆ ಮಾಡುವುದು ಉದ್ದೇಶ. ಜೇಬಿನಲ್ಲಿ ಹೊಸ ಪಟ್ಟಿಯ ಸುರುಳಿ ಇತ್ತು.

ಆ ಭಾನುವಾರದ ಬಗ್ಗೆ ಬರೆಯುವ ಮುಂಚೆ ಉಳಿದದ್ದನ್ನು ಹೇಳಿ ಮುಗಿಸುತ್ತೇನೆ. ಡಾಕ್ಟರು ಮೈಸೂರಿನ ಸಭೆಯಲ್ಲಿ ನಿಂಗಮ್ಮನ ವಿಷಯ ಹೇಳಿದರು, ಆದರೆ ನಮ್ಮ ತಪ್ಪು ಅಳತೆಯ ಉದಾಹರಣೆಯಾಗಿ. ಅಲ್ಲಿ ಕೆಲವರು ನಕ್ಕರಂತೆ. ಸೂಜಿ ಮತ್ತು ಕರೆಂಟಿನ ಚಿಕಿತ್ಸೆಯನ್ನು ಅವರು ಬಿಡಲಿಲ್ಲ. ನಾನು ಎಷ್ಟೋ ವರ್ಷ ಅವರ ಜೊತೆ ಆ ಗುಂಡಿಗಳನ್ನು ತಿರುಗಿಸಿದೆ. ಕೆಲವರ ಬಿಗಿ ಸಡಿಲವಾದದ್ದನ್ನು ಕಂಡಿದ್ದೇನೆ, ಕೆಲವರಿಗೆ ಏನೂ ಆಗದ್ದನ್ನೂ ಕಂಡಿದ್ದೇನೆ. ಸೂಜಿಯಿಂದ ಆಯಿತೇ, ಕಾಲದಿಂದ ಆಯಿತೇ, ದಿನಾ ಬಸ್ಸು ಹತ್ತಿ ಇಳಿದದ್ದರಿಂದ ಆಯಿತೇ ಎಂದು ಬೇರ್ಪಡಿಸಿ ಹೇಳುವ ಸಾಮರ್ಥ್ಯ ನಮಗಿರಲಿಲ್ಲ. ನಿಂಗಮ್ಮನ ವಿಷಯದಲ್ಲಿ ಡಾಕ್ಟರು ಬಹಳ ದಿನಗಳ ಮೇಲೆ ಒಂದು ಮಾತು ಕೇಳಿದರು: "ಅಲ್ಲ ಕಣ್ರೀ, ಆಕೆ ಬಂದ ದಿನ ಮಣಿಕಟ್ಟು ಎತ್ತುತ್ತಿದ್ದಳೇ?" ನನಗೆ ಗೊತ್ತಿರಲಿಲ್ಲ. ಡೈರಿಯಲ್ಲೂ ಇಲ್ಲ. ಜೋತುಬಿದ್ದ ಮಣಿಕಟ್ಟನ್ನು ಮೇಲೆತ್ತುವ ಶಕ್ತಿ ಮೊದಲೇ ಇತ್ತೋ, ನಮ್ಮ ಸೂಜಿಗಳ ಕಾಲದಲ್ಲಿ ಬಂತೋ, ಅದನ್ನು ಹೇಳಬಲ್ಲ ಒಂದು ಸಾಲೂ ಇಲ್ಲ. ನಾಲ್ಕು ತಿಂಗಳು ನಾವು ಬೆರಳನ್ನು ಮಾತ್ರ ಅಳೆದಿದ್ದೆವು.

ಇನ್ನು ಆ ಭಾನುವಾರ. ಅವರ ಬ್ಯಾರನ್ ಊರಿನ ಆಚೆ ಬದಿಗಿತ್ತು. ಚಪ್ಪರದಡಿ ನಾಲ್ಕು ಜೋಡಿಗಳು ಕೂತಿದ್ದವು. ಹಸಿ ಎಲೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಕೊನೆಯ ಜೋಡಿ ನಿಂಗಮ್ಮ, ಜಯಮ್ಮ. ಮೊದಲ ದಿನ ಆ ಜಾಗದಲ್ಲಿ ಕೂತವಳು ಅವಳೇ ಎಂಬುದು ಅದರಿಂದಲೇ ತಿಳಿಯಿತು. ಕಡ್ಡಿಯನ್ನು ಎರಡು ಕವೆಗೋಲುಗಳ ಮೇಲೆ ಅಡ್ಡಲಾಗಿಟ್ಟಿದ್ದರು. ಒಂದು ಕವೆಗೋಲು ಅಲುಗಾಡದಂತೆ ಬುಡಕ್ಕೆ ಒತ್ತು ಕೊಟ್ಟಿದ್ದು ನನ್ನ ಪ್ಲಾಸ್ಟರಿನ ಕೊಳವೆ.

ಜಯಮ್ಮ ನಾನು ಅದನ್ನು ನೋಡಿದ್ದನ್ನು ನೋಡಿದಳು. "ಚೆನ್ನಾಗ್ ನಿಂತದೆ ಸ್ವಾಮಿ. ಒಸಿ ಕೂಡ ಅಲ್ಲಾಡಲ್ಲ."

ಅಷ್ಟರಲ್ಲಿ ಮರದ ಕೆಳಗೆ ಮಲಗಿಸಿದ್ದ ಅವಳ ಕೂಸು ಅಳತೊಡಗಿತು. ಜಯಮ್ಮ ದಾರವನ್ನು ಕಡ್ಡಿಗೆ ಸುತ್ತಿ ಎದ್ದಳು. "ಇದುಕ್ ಆಲ್ ಕುಡ್ಸಿ ಬತ್ತೀನಿ ಅಕ್ಕ."

"ಅಲ್ಲಿಗಂಟ ಎಲೆ ಬಾಡ್ತದಲ್ಲೇ" ಎಂದಳು ನಿಂಗಮ್ಮ. ಆಮೇಲೆ ನನ್ನನ್ನು ನೋಡಿ, "ಸುಮ್ನೆ ಯಾಕ್ ನಿಂತ್ಕಂಡಿದೀರಿ, ಕೂತ್ಕಳಿ. ದಾರ ಇಡ್ಕಳಿ" ಎಂದಳು.

ಪಕ್ಕದ ಜೋಡಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಕೂತೆ. ದಾರ ಹಿಡಿದೆ. ನಿಂಗಮ್ಮ ಎಡಗೈಯಿಂದ ಮೂರು ಎಲೆ ಬಿಡಿಸಿ, ತೊಟ್ಟು ಜೋಡಿಸಿ, ಮೊಣಕಾಲ ಮೇಲೆ ಜೋತುಬಿದ್ದಿದ್ದ ಬಲಗೈಯ ತೆರೆದ ಬೆರಳುಗಳ ನಡುವೆ ಇಟ್ಟಳು. ಮಣಿಕಟ್ಟು ಮೇಲೆದ್ದಿತು. ಬೆರಳುಗಳು ತೊಟ್ಟಿನ ಮೇಲೆ ಮುಚ್ಚಿಕೊಂಡವು. ತೋಳು ಕಡ್ಡಿಯ ಬಳಿ ಬಂದು ನಿಂತಿತು. ನಾನು ದಾರ ಸುತ್ತಿ ಬಿಗಿಯುವವರೆಗೆ ಅಲ್ಲೇ ಕಾಯಿತು. ನಾನು ಬಿಗಿದ ಕೂಡಲೇ ಮಣಿಕಟ್ಟು ಇಳಿದು ಎಲೆಯನ್ನು ಬಿಟ್ಟಿತು. ನ್ಯೂನತೆ ಎಂದು ನಾನು ಬರೆದಿಟ್ಟಿದ್ದ ಎರಡು ಚಲನೆಗಳು ಒಂದರ ಹಿಂದೊಂದು, ಒಂದೇ ಲಯದಲ್ಲಿ ಬರುತ್ತಿದ್ದವು. ನಾನು ಎರಡನೇ ಕಂತೆ ಬಿಗಿಯುವಷ್ಟರಲ್ಲಿ ಅವಳು ಮೂರನೆಯದನ್ನು ಹಿಡಿದು ಕಾಯುತ್ತಿದ್ದಳು.

"ಬೇಗ ಕಟ್ಟಿ ಸ್ವಾಮಿ" ಎಂದಳು.

"ಕಟ್ಟುತ್ತಿದ್ದೇನಮ್ಮ."

"ಈ ಕಡೀಕೊಂದು, ಆ ಕಡೀಕೊಂದು. ಎಲ್ಡೂ ಒಂದೇ ಕಡೆ ಬುಟ್ರೆ ಕಡ್ಡಿ ವಾಲ್ತದೆ. ಇಷ್ಟ್ ಓದಿದ್ದೀರಿ."

ಹೆಂಗಸರು ಈಗ ಬಾಯಿಬಿಟ್ಟೇ ನಕ್ಕರು. ನಾನೂ ನಕ್ಕೆ. ಕಡ್ಡಿಯ ಕಾಲು ಭಾಗ ತುಂಬುವ ಹೊತ್ತಿಗೆ ನನ್ನ ಬೆರಳುಗಳು ದಾರಕ್ಕೆ ಉಜ್ಜಿ ಉರಿಯುತ್ತಿದ್ದವು. ಚಿಕಿತ್ಸೆಗೆ ಯಾಕೆ ಬರಲಿಲ್ಲ ಎಂದು ಕೇಳಬೇಕೆಂದು ಬಂದಿದ್ದೆ. ಕೇಳಲಿಲ್ಲ. ಅವಳೇ ಹೇಳಿದಳು, ನನ್ನ ಮುಖ ನೋಡದೆ, ಎಲೆ ಬಿಡಿಸುತ್ತ: "ಎಲೆ ಮುಗೀಲಿ, ಬತ್ತೀನಿ. ಸೂಜಿ ಬ್ಯಾಡ ಅನ್ನಾಕಿಲ್ಲ ನಾನು. ಈ ಮಣಿಕಟ್ಟು ಒಂದ್ನ ಕಟ್ಟಾಕ್ ಬರ್ಬ್ಯಾಡಿ."

"ಇಲ್ಲಮ್ಮ" ಎಂದೆ.

ಜಯಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಕಟ್ಟಿದ್ದನ್ನು ಕೊನೆಯಿಂದ ಕೊನೆಗೆ ನೋಡಿ, ಎಳೆದು ಬಿಚ್ಚಿ, ಎಲೆಗಳನ್ನೆಲ್ಲ ಮತ್ತೆ ರಾಶಿಗೆ ಹಾಕಿದಳು. ನಾನು ಎದ್ದೆ. ಅವಳು ಕೂತಳು. ನಿಂಗಮ್ಮನ ಬಲಗೈ ಆಗಲೇ ಮೂರು ಎಲೆ ಹಿಡಿದು ಕಡ್ಡಿಯ ಹತ್ತಿರ ಕಾಯುತ್ತಿತ್ತು. ಜಯಮ್ಮನ ದಾರ ಸುತ್ತಿತು, ಬಿಗಿಯಿತು. ನಿಂಗಮ್ಮನ ಮಣಿಕಟ್ಟು ಇಳಿಯಿತು. ಬರುತ್ತೇನಮ್ಮ ಎಂದೆ. ಇಬ್ಬರಿಗೂ ಕೇಳಿಸಲಿಲ್ಲ.